ಕಾಮಣ್ಣನ ಬೂದಿ

ಫಾಲ್ಗುಣ ಬಂತು ಅಂತ ನನಗ ಹೇಳೂದು
ಪಂಚಾಂಗ ಅಲ್ಲ, ತೋರಬೆರಳು.
ಗದಗ ರೋಡಿನ ರೇಲ್ವೆ ಕ್ವಾರ್ಟರ್ಸು,
ಹಿತ್ತಲ ಹನ್ನೆರಡು ಫೂಟು ಒಂಬತ್ತು,
ಎರಿಮಣ್ಣು ಬಾಯಿ ಬಿಟ್ಟಿರತೈತಿ.
ಬಿರುಕಿನಾಗ ಬೆರಳು ಇಳಸ್ತೀನಿ:
ಎರಡನೇ ಗೆಣ್ಣಿಗೆ ತಂಪು ಹತ್ತಿದ್ರ ಇನ್ನೂ ವಾರ ಐತಿ,
ಹತ್ತಲಿಲ್ಲ ಅಂದ್ರ ಇವತ್ತ.

ಇವತ್ತ ಅಂದ್ರ, ಮೊದಲ ಮಲ್ಲಿಗಿ ಕಂಟಿ.
ಹದಿನೈದು ದಿನ ನೀರು ತೋರಿಸದಽ ಇಟ್ಟದ್ದು,
ಮೊಣಕಾಲ ಮಟ ಕತ್ತರಸೂದು, ಎಲಿ ಎಲ್ಲಾ ಉದರಸೂದು.
ಕತ್ತರಿ ಸಪ್ಪಳ ಕೇಳಿ ಎದುರುಮನಿ ಹನಮಕ್ಕ
"ಅಯ್ಯ ಶಿವನಽ, ಹಸೀ ಟೊಂಗಿ!" ಅಂತ ಲೊಚಗುಟ್ಟತಾಳ.
ಚೈತ್ರದಾಗ ಪರಾತ ಹಿಡಕೊಂಡು ಬರಾಕಿನೂ ಅಕಿನಽ.

ಬಿರುಕು ಮುಚ್ಚಾಕ ಎರಡು ಬುಟ್ಟಿ ಮಸಾರಿ,
ಒಂದು ಬುಟ್ಟಿ ಸಗಣಿ ಗೊಬ್ಬರ, ಹಳೇದು,
ವಾಸನಿ ಸತ್ತದ್ದು, ಹಿಚುಕಿದ್ರ ಚಹಾಪುಡಿ ಆಗಬೇಕು.
ಆಮ್ಯಾಲೆ ಗಡಿಗಿ.
ನಳಾ ಬರೂದು ಎಂಟು ದಿನಕ್ಕೊಮ್ಮೆ,
ಅದೂ ರಾತ್ರಿ ಎರಡಕ್ಕ, ಕಳ್ಳನಂಗ.
ಅದಕ್ಕ ಗಡಿಗಿ ತಳಕ್ಕ ತೂತು ಹೊಡದು,
ಅಪ್ಪನ ಧೋತರದ ಬತ್ತಿ ತುರುಕಿ,
ಕೊಳ್ಳಿನ ಮಟ ಹುಗದೇನಿ.
ಬಾಯಿಗೆ ಹೆಂಚಿನ ಚೂರು.

ಹಾಗಲ ಬೀಜದ ತೊಗಟಿ ಗಟ್ಟಿ, ಮಜ್ಜಿಗ್ಯಾಗ ಒಂದು ರಾತ್ರಿ.
ಹೀರಿ ಬೀಜ ಹುಲಕೋಟಿ ಚಿಗವ್ವ ಕೊಟ್ಟದ್ದು;
ಟಿಕೀಟು ಕೌಂಟರಿನ ಹಾಳ್ಯಾಗ ಸುತ್ತಿಟ್ಟೇನಿ,
ಮ್ಯಾಲೆ ನನ್ನ ಅಕ್ಷರದಾಗ:
"ಕಹಿ ಇಲ್ಲ. ತಡ ಮಾಡಬ್ಯಾಡ."

ತಡ ಮಾಡಿದೆ.
ಮಾರ್ಚ್ ತಿಂಗಳ ಲೆಕ್ಕಪತ್ರ, ಮ್ಯಾಲಿಂದ ಮ್ಯಾಲೆ ನೈಟ್ ಡ್ಯೂಟಿ.
ಹುಣ್ಣಿಮಿ ಮುಂದ ಒಂದು ರಾತ್ರಿ ಕಂಪೌಂಡಿನ ಮ್ಯಾಲೆ ನಾಕು ತಲಿ.
ಹೀರಿ ಚಪ್ಪರದ ಏಳೂ ಬಿದಿರಗಳ
ಒಂದೊಂದಾಗಿ ಗ್ವಾಡಿ ಏರಿ ಹೋದವು.
ಕಿಡಕ್ಯಾಗ ನಿಂತು ನೋಡಿದೆ. ಒದರಲಿಲ್ಲ.
ಕಾಮಣ್ಣಗ ಕದ್ದದ್ದಕ್ಕ ಒದರಬಾರದು.
ಅದೂ ಅಲ್ಲದ, ನವಲೂರಾಗ ಅಣ್ಣಂದಿರು ಕುಳ್ಳು ಕದಿಯೂ ಮುಂದ
ಓಣಿ ತುದಿಗೆ ನಿಂತು ಸೀಟಿ ಹೊಡೆಯಾಕಿ ನಾನಽ ಇದ್ದೆ.

ಕಾಮಣ್ಣನ ಸುಟ್ಟ ಮರುದಿನ ಬೆಳಿಗ್ಗೆ
ಬುಟ್ಟಿ, ಜರಡಿ ತಗೊಂಡು ಸರ್ಕಲ್ಲಿಗೆ ಹೋದೆ.
ಮಂದಿ ಹಣಿಗೆ ಹಚ್ಚಾಕ ಚಿಟಿಕಿ ಒಯ್ತಾರ, ನಾನು ಬುಟ್ಟಿ ತುಂಬ.
ಬೂದಿ ಇನ್ನೂ ಬೆಚ್ಚಗಿತ್ತು.
ಜರಡ್ಯಾಗ ಉಳದದ್ದು: ಮಂಚದ ಬೋಲ್ಟು, ಕುರ್ಚಿ ಮೊಳಿ,
ಮತ್ತ ಒಂದು ತಂತಿ —
ಎರಡು ಸುತ್ತು, ಒಂದು ತಿರುವು, ತುದಿ ಒಳಗ.
ಆ ಗಂಟು ಹುಬ್ಬಳ್ಳ್ಯಾಗ ಇನ್ಯಾರೂ ಹಾಕೂದಿಲ್ಲ.
ತಲಿ ಎತ್ತಿದ್ರ ರೋಣದವರ ಪುಟ್ಯಾ, ಕಿವಿ ಮಟ ನೇರಳೆ ಬಣ್ಣ,
ತನ್ನ ಚಪ್ಪಲಿ ನೋಡಾಕ ಹತ್ತಿದ್ದ.
"ಬೂದಿ ನನ್ನ ಪಾಲಿಂದು," ಅಂದೆ.
"ಕೋಲು ನಿನ್ನ ಪಾಲಿಂದು."

ಸಂಜಿಕ್ಕ ನಾಕೂ ಮಂದಿ ಬಂದ್ರು.
ತಂದದ್ದು: ಪಡದಿ ರಾಡು ಒಂದು, ಮುರದ ಹಾಕಿ ಸ್ಟಿಕ್ಕು,
ಆಂಟೆನಾದ ಪೈಪು, ಕಾಮಣ್ಣನ ಪೆಂಡಾಲಿನ ಮೂರು ಬಿದಿರು,
ಮತ್ತ ಗ್ವಾಡಿ ಜಾಡಿಸೂ ಉದ್ದನ ಕೋಲು,
ತುದಿಗೆ ಜೇಡನ ಬಲಿ ಹಂಗಽ ಇತ್ತು.
ಲೆಕ್ಕ ಏಳಕ್ಕ ಏಳು.
ಯಾರ ಮನಿವು ಅಂತ ನಾ ಕೇಳಲಿಲ್ಲ.

ಬೂದಿ, ಗೊಬ್ಬರದ ಜೋಡಿ ಕಲಸಬಾರದು, ಸಾರ ಹಾರಿ ಹೋಗತೈತಿ.
ಬೇರಿಗೆ ಒಂದು ಹಿಡಿ, ತುಸು ದೂರಕ್ಕ.
ಉಳದದ್ದು ಡಬ್ಬಿ ತುಂಬಿ ಇಟ್ಟೇನಿ,
ಎಳೀ ಎಲಿಗೆ ಕೆಂಪು ಹುಳ ಬಂದಾಗ
ತೆಳ್ಳನ ಅರಬ್ಯಾಗ ಕಟ್ಟಿ ಉದರಸಾಕ.

ಹನ್ನೆರಡು ಬೀಜದಾಗ ಒಂಬತ್ತು ಎದ್ದಾವ.
ಏಳದ್ದನ್ನ ಕೆದರಿ ನೋಡಬಾರದು ಅಂತಿದ್ಲು ಚಿಗವ್ವ.
ನಾ ಕೆದರಿ ನೋಡಿದೆ:
ಒಂದನ್ನ ಇರಿವಿ ಒಯ್ದಿದ್ದವು,
ಎರಡು ಇನ್ನೂ ವಿಚಾರ ಮಾಡಾಕ ಹತ್ತಿದ್ದವು.
ತಿರುಗಿ ಮಣ್ಣು ಹೊಚ್ಚಿದೆ.

ನಿನ್ನೆ ಒಂದು ಕುಡಿ ಹಾಕಿ ಸ್ಟಿಕ್ಕಿಗೆ ಕೈ ಹಾಕೈತಿ.
ಎರಡು ಸುತ್ತು, ಒಂದು ತಿರುವು,
ತುದಿ ಒಳಗ.

ಇವತ್ತ ರಾತ್ರಿ ನಳಾ.
ಗಡಿಗಿ ಬಾಯಾಗಿನ ಹೆಂಚು ತಗದಿಡಬೇಕು.